ಸಾವಕಾಶದ ಪದಗಳು

ಸಂಗೀತವೆಂದರೆ ಮನಸ್ಸನ್ನು ಹಗುರಗೊಳಿಸುವ ವಸ್ತುವೆಂದು ಬಹುಜನರ ನಂಬಿಕೆ. ಮದುವೆಯ ಬ್ಯಾಂಡು, ಜಾತ್ರೆಯ ಹಲಗೆ, ಬಸ್ಸಿನಲ್ಲಿ ಚಾಲಕನು ಹಚ್ಚುವ ಚಿತ್ರಗೀತೆ, ಇವೆಲ್ಲ ಆ ನಂಬಿಕೆಗೆ ಸಾಕ್ಷಿಗಳು. ಆದರೆ ಮನಸ್ಸನ್ನು ಭಾರಗೊಳಿಸುವ ಸಂಗೀತವೂ ಒಂದುಂಟು. ಜನರು ಅದನ್ನು ಹುಡುಕಿಕೊಂಡು ಹೋಗಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಕೇಳಿ, ಬೆಳಗಿನ ಜಾವ ಸಮಾಧಾನದಿಂದ ಮನೆಗೆ ಮರಳುತ್ತಾರೆ. ಇದು ಹೇಗೆ ಸಾಧ್ಯ? ಒಂದು ಅಮಾವಾಸ್ಯೆಯ ರಾತ್ರಿ ಯಡ್ರಾಮಿಯ ಸಣ್ಣದೊಂದು ಮಠದಲ್ಲಿ ಹಿರಿಯರ ಭಜನಾ ಮೇಳವನ್ನು ಕೇಳಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯಡ್ರಾಮಿ ಮೊದಲು ಜೇವರ್ಗಿ ತಾಲೂಕಿನ ಊರು. 2017-18ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ 49 ಹೊಸ ತಾಲೂಕುಗಳಲ್ಲಿ ಅದೂ ಒಂದಾಯಿತು. ತೊಗರಿ, ಹತ್ತಿ, ಜೋಳ ಬೆಳೆಯುವ ಕರಿನೆಲ ನಮ್ಮದು. ಹೊರಗಿನವರಿಗೆ ಈ ಸೀಮೆಯ ಬಿಸಿಲೊಂದೇ ಪರಿಚಯ. ತತ್ವಪದ ಬಲ್ಲವರಿಗೆ ಮಾತ್ರ ಇದು ಕಡಕೋಳ ಮಡಿವಾಳಪ್ಪನವರ ಸೀಮೆ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಆ ಮಹಾನುಭಾವರು ಕಡೆಗೆ ಯಡ್ರಾಮಿಯ ಬಳಿಯ ಕಡಕೋಳದಲ್ಲಿ ನೆಲೆನಿಂತರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಗುರುವಿನ ಮುಂದೆ ಜಾತಿಮತಗಳ ಲೆಕ್ಕವಿರಲಿಲ್ಲವೆಂಬುದಕ್ಕೆ ಈ ಹೆಸರುಗಳೇ ಸಾಕು. ಶಿಶುನಾಳ ಶರೀಫರ (1819-1889) ಪದಗಳು ಸಿ. ಅಶ್ವತ್ಥರ ಕಂಠದ ಮೂಲಕ ನಾಡಿನ ಮನೆಮನೆಯನ್ನೂ ಮುಟ್ಟಿದವು. ನಮ್ಮವರ ಪದಗಳನ್ನು ಹೆಚ್ಚಾಗಿ ಇಲ್ಲಿಯ ಭಜನಾ ಮೇಳಗಳೇ ಬಾಯಲ್ಲಿ ಕಾಪಾಡಿಕೊಂಡು ಬಂದಿವೆ.

ಆ ರಾತ್ರಿ ಮಠದಲ್ಲಿ ಸೇರಿದವರು ನಲವತ್ತು ಜನರಿಗಿಂತ ಹೆಚ್ಚಿರಲಾರರು. ಅದಕ್ಕಿಂತ ಹೆಚ್ಚು ಜನ ಹಿಡಿಯುವ ಸ್ಥಳವೂ ಅದಲ್ಲ. ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ; ನೆಲಕ್ಕೆ ಹಾಸಿದ ಜಮಖಾನೆಯ ಮೇಲೆ ಹಾಡುವವರು, ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೇಳುವವರು. ಮೇಳದಲ್ಲಿ ಐವರು. ಎಲ್ಲರಿಗಿಂತ ಕಿರಿಯರಿಗೆ ಐವತ್ತು ದಾಟಿದೆ. ಹಿರಿಯ ಮುತ್ಯಾನಿಗೆ ಎಂಬತ್ತು ಸಮೀಪಿಸಿದೆ. ಒಂದು ಏಕತಾರಿ, ಒಂದು ದಮ್ಮಡಿ, ಒಂದು ಪೇಟಿ, ಎರಡು ಜೊತೆ ತಾಳ, ಇಷ್ಟೇ ಸಾಮಗ್ರಿ. ನಲವತ್ತು ವರ್ಷಗಳಿಂದ ಕೂಡಿ ಹಾಡುತ್ತಿರುವ ಇವರಿಗೆ ಒಬ್ಬರ ಮುಖವನ್ನೊಬ್ಬರು ನೋಡುವ ಅವಶ್ಯಕತೆಯೂ ಬೀಳಲಿಲ್ಲ.

ಮೊದಲು ಏಕತಾರಿಯ ಒಂದೇ ಸ್ವರ ಬಹಳ ಹೊತ್ತು ಮಿಡಿಯಿತು. ಆಮೇಲೆ ಮುತ್ಯಾ ಪಲ್ಲವಿ ಎತ್ತಿದರು. ಅವಸರವೆಂಬುದೇ ಇಲ್ಲ. ಒಂದು ಸಾಲನ್ನು ಅವರು ಹೇಳುವುದು, ಹಿಂದಿನವರು ಅದನ್ನೇ ಹೊತ್ತು ತಿರುಗಿ ಹೇಳುವುದು. ಮತ್ತೆ ಅದೇ ಸಾಲು, ಮತ್ತೆ ಅದೇ. ಎಂಟು ಸಾಲಿನ ಪದಕ್ಕೆ ಅರ್ಧ ತಾಸು ಹಿಡಿಯಿತೆಂದರೆ ವಾಚಕರು ನಂಬಬೇಕು. ವಿಷಯವಾದರೂ ಏನು? ದೇಹವೊಂದು ಒಡೆಯುವ ಮಡಕೆ, ಒಂಬತ್ತು ಬಾಗಿಲ ಮನೆ, ಬಾಡಿಗೆಯ ಬಂಡಿ. ಕರೆ ಬಂದ ದಿನ ಕೂಡಿಟ್ಟದ್ದನ್ನೆಲ್ಲ ಬಿಟ್ಟು ಏಳಬೇಕು. ಕಡೆಯ ನುಡಿಯಲ್ಲಿ ಗುರುವಿನ ಹೆಸರು ಬಂದಾಗ ತಾಳ ಒಮ್ಮೆ ಜೋರಾಗಿ, ಮತ್ತೆ ಇಳಿಯುತ್ತದೆ.

ಈ ಪದಗಳನ್ನು ನಾನು ಕೇಳಿದ್ದು ಅಂದೇ ಮೊದಲಲ್ಲ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಹೆಣದ ಮುಂದೆ ರಾತ್ರಿಯಿಡೀ ಭಜನೆ ಮಾಡಿಸುವ ವಾಡಿಕೆ. ನಮ್ಮ ಅಮ್ಮನ ತಾಯಿ ತೀರಿಕೊಂಡಾಗ ಇದೇ ಮೇಳದವರು ಬಂದಿದ್ದರು. ಹತ್ತು ವರ್ಷದ ಹುಡುಗನಾಗಿದ್ದ ನನಗೆ ಆ ಸಾವಿಗಿಂತ ಈ ಹಾಡೇ ಹೆಚ್ಚು ಹೆದರಿಕೆ ಹುಟ್ಟಿಸಿತ್ತು. ಆದರೆ ಹಗಲೆಲ್ಲ ಎದೆ ಬಡಿದುಕೊಂಡು ಅತ್ತಿದ್ದ ಅಮ್ಮ, ಮಧ್ಯರಾತ್ರಿಯ ಹೊತ್ತಿಗೆ ತಾನೂ ಮೆಲ್ಲಗೆ ಪಲ್ಲವಿ ಹೇಳತೊಡಗಿದ್ದಳು. ಅದರ ಅರ್ಥ ಅಂದು ನನಗಾಗಲಿಲ್ಲ.

ವಸತಿನಿಲಯದ ನನ್ನ ಕೋಣೆಯ ಗೆಳೆಯನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಆತನ ಮೊಬೈಲಿನಲ್ಲಿ 'ಡೂಮ್ ಮೆಟಲ್' ಎಂಬ ಒಂದು ಬಗೆಯನ್ನು ಕೇಳಿದ್ದೇನೆ. ನಿಧಾನದ ನಡೆ, ಕೆಳಗಿಳಿದ ಶ್ರುತಿ, ಸಾವು ಮತ್ತು ದುಃಖದ ಮಾತು. ಇದರ ಮೂಲಪುರುಷರು ಬರ್ಮಿಂಗ್‌ಹ್ಯಾಮ್ ನಗರದ 'ಬ್ಲ್ಯಾಕ್ ಸ್ಯಾಬತ್' ತಂಡದವರಂತೆ. ಅವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1970ರಲ್ಲಿ. ಗಿಟಾರು ನುಡಿಸುವ ಟೋನಿ ಐಯೋಮಿಯವರು ಹದಿನೇಳರ ಹರೆಯದಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ನುಡಿಸಿದರು. ಮುಂದೆ ತಂತಿಯನ್ನೂ ಸಡಿಲಿಸಿದರು, ನಾದ ಇನ್ನಷ್ಟು ಗಂಭೀರವಾಯಿತು. 2025ರ ಜುಲೈ 5ರಂದು ಆ ತಂಡ ತಮ್ಮ ಊರಿನಲ್ಲೇ ಕೊನೆಯ ಕಚೇರಿ ನಡೆಸಿತು. ಗಾಯಕ ಓಜಿ ಆಸ್ಬರ್ನರು ಕಾಯಿಲೆಯಿಂದ ನಿಲ್ಲಲಾರದೆ ಕುಳಿತೇ ಹಾಡಿದರು. ಅದೇ ತಿಂಗಳ 22ರಂದು ತೀರಿಕೊಂಡರು. ಕಾರ್ಖಾನೆಯ ಊರಿಗೂ ತೊಗರಿಯ ಊರಿಗೂ ಯಾವ ನಂಟೂ ಇಲ್ಲ. ಆದರೂ ದುಡಿದು ದಣಿದ ಜನ ಎಲ್ಲಿಯೇ ಇರಲಿ, ತಮ್ಮ ಭಾರಕ್ಕೆ ತಕ್ಕ ಭಾರದ ಹಾಡನ್ನೇ ಬಯಸುತ್ತಾರೆಂದು ತೋರುತ್ತದೆ.

ಮಧ್ಯರಾತ್ರಿ ಮೀರಿದ ಮೇಲೆ ಮುತ್ಯಾನ ಉಸಿರು ಸಾಲದಾಯಿತು. ಸಾಲಿನ ನಡುವೆ ಧ್ವನಿ ನಿಂತಿತು. ಯಾರೂ ಗಾಬರಿಯಾಗಲಿಲ್ಲ. ಹಿಂದಿನ ನಾಲ್ವರು ಪಲ್ಲವಿಯನ್ನೇ ಹಿಡಿದು ತಿರುಗಿಸುತ್ತ ಕುಳಿತರು. ಮುತ್ಯಾ ಒಂದು ಗುಟುಕು ನೀರು ಕುಡಿದು, ಕಣ್ಣು ಮುಚ್ಚಿ, ಮತ್ತೆ ಅದೇ ಮಾತಿನಿಂದ ಎತ್ತಿಕೊಂಡರು. ಧ್ವನಿ ಒಡೆದಿತ್ತು, ಶ್ರುತಿ ಒಂದೆಡೆ ಜಾರಿತ್ತು. ಆದರೆ ದೇಹ ನಿಲ್ಲುವಂಥದ್ದಲ್ಲವೆಂಬ ಪದವನ್ನು ಅಂಥ ದೇಹವೇ ಹಾಡಿದಾಗ ಅದಕ್ಕೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ಅಮ್ಮ ಅಂದು ಏಕೆ ಪಲ್ಲವಿ ಹೇಳಿದಳೆಂಬುದು ಆಗ ನನಗೆ ಹೊಳೆಯಿತು. ಒಬ್ಬರೇ ಹೊತ್ತರೆ ಬೆನ್ನು ಮುರಿಯುವ ದುಃಖವನ್ನು ಹಿಂದಿನವರು ಹಂಚಿಕೊಳ್ಳುವ ಕ್ರಮವೇ ಈ ಭಜನೆ. ಸಾವಕಾಶವಾಗಿ ಹಾಡುವುದೂ ಎಲ್ಲರ ಹೆಗಲೂ ಸೇರಲೆಂದೇ.

ಚಹಾದ ಹೊತ್ತಿನಲ್ಲಿ ಮುತ್ಯಾನನ್ನು ಕೇಳಿದೆ: "ಎಷ್ಟು ಪದ ಬರ್ತಾವ್ರಿ ಮುತ್ಯಾ?"

"ಎಣಿಸಿಲ್ಲಪಾ. ಎಣಿಸಕ್ಕ ನಾ ಏನ್ ಸಾಲಿ ಕಲ್ತೀನೇನು?"

"ನಾ ಎಲ್ಲಾ ಬರಕೊಳ್ತೀನ್ರಿ. ನಮ್ಮ ಮನ್ಯಾಗ ಬಿ.ಎ.ತನಕ ಬಂದಂವ ನಾನೊಬ್ನೇ. ಇಷ್ಟರೆ ಮಾಡಬೇಕಲ್ಲರಿ."

ಅವರು ನಕ್ಕರು. "ಬರ್ಕೊ, ಬ್ಯಾಡ ಅನ್ನಲ್ಲ. ಆದ್ರ ತಮ್ಮಾ, ಕಾಗದಕ್ಕ ಉಸುರು ಇರಂಗಿಲ್ಲ. ಈಗ ನನ್ನ ಉಸುರು ನಿಂತಾಗ ಇವರು ಹಿಡದ್ರು, ನೋಡ್ದಿ? ನಾಳಿ ಇವರ ಉಸುರು ನಿಂತ್ರ ಹಿಡಿಯವರು ಯಾರು?"

ನನ್ನ ಧ್ವನಿ ಚೆನ್ನಾಗಿಲ್ಲವೆಂದೆ. "ಚಂದನ ಧ್ವನಿ ಯಾರಿಗಿ ಬೇಕಾಗ್ಯದ? ಹಿಂದ ಹೇಳವರು ಬೇಕಾಗ್ಯಾರ" ಎಂದರು.

ಆ ಮಾತು ನನ್ನನ್ನು ಈಗಲೂ ಚುಚ್ಚುತ್ತಿದೆ. ಸಂತಕವಿ ಕನಕದಾಸ ಅಧ್ಯಯನ ಕೇಂದ್ರದವರು ನಾಡಿನ ತತ್ವಪದಗಳನ್ನು ಸಂಪುಟಗಳಾಗಿ ಪ್ರಕಟಿಸಿದ್ದಾರೆ. ಅದು ಸ್ತುತ್ಯ ಕಾರ್ಯ. ಪದದ ಮಾತು ಅದರಲ್ಲಿ ಉಳಿಯುತ್ತದೆ. ಎಲ್ಲಿ ನಿಲ್ಲಬೇಕು, ಎಷ್ಟು ಸಲ ತಿರುಗಬೇಕು, ಮುಂದಿನವನ ಉಸಿರು ತಪ್ಪಿದಾಗ ಹೇಗೆ ಕಾಯಬೇಕು ಎಂಬುದು ಅಚ್ಚಿಗೆ ಇಳಿಯುವಂಥದ್ದಲ್ಲ. ಅದಕ್ಕೆ ಜನ ಬೇಕು. ಜನರೋ ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿಗಳ ದಾರಿ ಹಿಡಿದಿದ್ದಾರೆ. ಪದವಿ ಮುಗಿದ ಮೇಲೆ ನಾನೂ ಆ ದಾರಿ ಹಿಡಿಯಬೇಕಾದೀತು. ಮನೆಯ ಸಾಲಕ್ಕೆ ಭಜನೆಯಿಂದ ಪರಿಹಾರವಿಲ್ಲ. ಓದಿದವನೇ ಊರು ಬಿಡುವುದಾದರೆ ಓದು ಯಾರಿಗಾಗಿ, ಓದದವನೇ ಉಳಿದರೆ ಅವನ ಹೊಟ್ಟೆಗೇನು? ಈ ಎರಡು ಪ್ರಶ್ನೆಗಳಿಗೂ ನನ್ನಲ್ಲಿ ಉತ್ತರವಿಲ್ಲ.

ಸದ್ಯಕ್ಕೆ ನನ್ನಿಂದಾದಷ್ಟು ಮಾಡುತ್ತಿದ್ದೇನೆ. ರಜೆ ದೊರೆತ ಅಮಾವಾಸ್ಯೆಗಳಂದು ಊರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ತಾಳ ಹಿಡಿಯುತ್ತೇನೆ. ಇದುವರೆಗೆ ಹನ್ನೊಂದು ಪದಗಳು ಪುಸ್ತಕ ನೋಡದೆ ಬಾಯಿಗೆ ಬಂದಿವೆ.