ನಿನ್ನೆಯ ಬ್ರೆಡ್ಡು

ನಾನು ಹುಡುಗನಾಗಿದ್ದಾಗ, ಎಂದರೆ 1960ರ ದಶಕದಲ್ಲಿ, ಸೂಳೆಕೆರೆಯ ಸಮೀಪದ ನಮ್ಮೂರು ಕೆರೆಬಿಳಚಿಯಲ್ಲಿ ಬ್ರೆಡ್ಡು ತಿಂಡಿಯಾಗಿರಲಿಲ್ಲ, ಔಷಧಿಯಾಗಿತ್ತು. ಯಾರ ಕೈಯಲ್ಲಾದರೂ ಕಾಗದ ಸುತ್ತಿದ ಬ್ರೆಡ್ಡು ಕಂಡರೆ ಸಾಕು, "ಯಾರಿಗ್ರೀ ಜ್ವರ?" ಎಂದು ಬೀದಿಯವರು ವಿಚಾರಿಸುತ್ತಿದ್ದರು. ಚನ್ನಗಿರಿಗೆ ಹೋದವರು ಅದನ್ನು ಬಸ್ಸಿನಲ್ಲಿ ತರಬೇಕು. ಬಿಸಿ ಹಾಲಿನಲ್ಲಿ ಅದ್ದಿ ರೋಗಿಗೆ ತಿನ್ನಿಸಬೇಕು. ರೊಟ್ಟಿ ಮುದ್ದೆಗಳ ನಾಡಿನಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಕಠಿಣವಾದ ಪಥ್ಯ ಬೇರೆ ಬೇಕೆ? ಆದ್ದರಿಂದ ಜ್ವರವು ರೋಗಿಯನ್ನು ಬಿಟ್ಟ ದಿನವೇ ರೋಗಿಯೂ ಬ್ರೆಡ್ಡನ್ನು ಬಿಡುತ್ತಿದ್ದ. ಉಳಿದ ಐದಾರು ಹೋಳುಗಳು ಗೂಡಿನಲ್ಲಿ ಒಣಗಿ, ಕೊನೆಗೆ ಎಮ್ಮೆಯ ಕಲಗಚ್ಚು ಸೇರುತ್ತಿದ್ದವು.

ನನಗೆ ಎಂಟು ವರ್ಷವಾಗಿದ್ದಾಗ ಬಂದ ಜ್ವರ ಹನ್ನೆರಡು ದಿನ ಕಾಡಿತು. ಬಿಟ್ಟ ಮೇಲೂ ಬಾಯಿಗೆ ರುಚಿ ಹತ್ತಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದೆ. ನನಗಿಂತ ಮುಂಚಿನ ಮಗುವೊಂದನ್ನು ಜ್ವರದಲ್ಲಿಯೇ ಕಳೆದುಕೊಂಡಿದ್ದ ಅಮ್ಮ ಹೆದರಿಹೋಗಿದ್ದಳು. ಆಗ ನನ್ನನ್ನು ನೋಡಿಹೋಗಲು ಬಂದವರು ಎದುರು ಮನೆಯ ಬೂಬಮ್ಮ. ನಾವು ಹುಡುಗರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ಅವರ ಕಣ್ಣು ಗೂಡಿನಲ್ಲಿ ಒಣಗುತ್ತಿದ್ದ ಬ್ರೆಡ್ಡಿನ ಮೇಲೆ ಬಿತ್ತು. "ಅದನ್ನ ಇತ್ತ ಕೊಡಿ ಅಕ್ಕಾ, ಹತ್ತು ನಿಮಿಷದಾಗೆ ತರ್ತೀನಿ" ಎಂದು ತೆಗೆದುಕೊಂಡು ಹೋದರು.

ಹತ್ತು ನಿಮಿಷಕ್ಕೆ ಸರಿಯಾಗಿ ತಟ್ಟೆ ಬಂದಿತು. ಅಮ್ಮ ಅದನ್ನು ಒಳಗೆ ತೆಗೆದುಕೊಂಡು ಹೋದಳು. ಕೊಂಚ ತಡೆದು ತಂದು ನನ್ನ ಮುಂದಿಟ್ಟಳು. ದೇವರಿಗೆ ಕೈಮುಗಿದು ಬಂದಳೆಂದು ನಾನು ತಿಳಿದೆ. ಹೊನ್ನಿನ ಬಣ್ಣ, ಕೆಂಪಗೆ ಗರಿಯಾದ ಅಂಚು, ಏಲಕ್ಕಿಯ ಘಮ. ನಾಲ್ಕು ಹೋಳನ್ನೂ ತಿಂದು ಮುಗಿಸಿದೆ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಅದರಲ್ಲಿ ಏನೇನಿದೆಯೆಂದು ಅಮ್ಮ ಕೇಳಲಿಲ್ಲ, ಬೂಬಮ್ಮ ಹೇಳಲಿಲ್ಲ. ಬರಿ ತಟ್ಟೆ ಹಿಂದಿರುಗಿಸಬಾರದೆಂದು ಅಮ್ಮ ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು ಕಳುಹಿಸಿದಳು.

ಅಂದಿನಿಂದ ನಮ್ಮ ಮನೆಯ ಬ್ರೆಡ್ಡು ಎಮ್ಮೆಗೆ ಸಿಗಲಿಲ್ಲ. ಹಾಲು, ಬೆಲ್ಲ, ಕಡಲೆಹಿಟ್ಟುಗಳಲ್ಲಿ ಅಮ್ಮ ಅದರದೊಂದು ಮಡಿ ಆವೃತ್ತಿಯನ್ನು ಸಿದ್ಧಪಡಿಸಿದಳು. ನಾವು ಅದಕ್ಕೆ ಇಟ್ಟ ಹೆಸರು ‘ಎದುರು ಮನೆ ತಿಂಡಿ’.

ಮುಂದೆ ಬೆಂಗಳೂರಿಗೆ ಬಂದು ನೋಡುತ್ತೇನೆ, ಲೋಕವೆಲ್ಲ ಇದನ್ನು ಎದುರು ಮನೆಯ ತಿಂಡಿಯೆಂದೇ ಕರೆಯುತ್ತದೆ! ಇಂಗ್ಲಿಷರು ‘ಫ್ರೆಂಚ್ ಟೋಸ್ಟ್’ ಎಂದು ಫ್ರೆಂಚರ ಕಡೆ ಬೊಟ್ಟು ಮಾಡುತ್ತಾರೆ. ನಮ್ಮ ಹೋಟೆಲಿನವರು ‘ಬಾಂಬೆ ಟೋಸ್ಟ್’ ಎನ್ನುತ್ತಾರೆ. ಫ್ರೆಂಚರನ್ನು ಕೇಳಿದರೆ ತಮ್ಮ ಹೆಸರನ್ನು ಎತ್ತುವುದೇ ಇಲ್ಲ. ಅವರಿಗೆ ಇದು ‘ಪ್ಯಾಂ ಪೆರ್ದ್ಯು’, ಕೈಬಿಟ್ಟುಹೋದ ರೊಟ್ಟಿ. ಜರ್ಮನರು ‘ಬಡ ಸರದಾರರು’ ಎನ್ನುತ್ತಾರೆ. ಅಪೀಶಿಯಸ್ ಎಂಬ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ರೋಮಿನ ಪಾಕಗ್ರಂಥದಲ್ಲಿಯೂ ಇದರ ಹಿರಿಯಜ್ಜ ಸಿಗುತ್ತಾನೆ: ಬಿಳಿ ರೊಟ್ಟಿಯನ್ನು ಮುರಿದು, ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಮೇಲೆ ಜೇನು ಸುರಿಯಬೇಕು. ಅಲ್ಲಿ ಮೊಟ್ಟೆಯ ಸುದ್ದಿಯೇ ಇಲ್ಲ. ಇದನ್ನು ಓದಿದ ದಿನ ಅಮ್ಮನ ಪಕ್ಷಕ್ಕೆ ರೋಮಿನ ಸಾಕ್ಷಿ ಸಿಕ್ಕಿತೆಂದು ಹಿಗ್ಗಿದೆ.

ಬೆಳಗಿನ ಅವಸರದಲ್ಲಿರುವ ಓದುಗರಿಗೆ ನನ್ನ ಅನುಭವದ ನಾಲ್ಕು ಮಾತು. ಬ್ರೆಡ್ಡು ನಿನ್ನೆಯದಾಗಿರಬೇಕು. ಇಂದಿನದು ಹಾಲು ಸೋಕಿದೊಡನೆ ಮುದ್ದೆಯಾಗುತ್ತದೆ. ನಿನ್ನೆಯದರಲ್ಲಿ ಪಿಷ್ಟ ಬಿಗಿದುಕೊಂಡಿರುವುದರಿಂದ ಹಾಲು ಕುಡಿದೂ ಆಕಾರ ಬಿಡುವುದಿಲ್ಲ. ನಾಲ್ಕು ಹೋಳಿಗೆ ಎರಡು ಮೊಟ್ಟೆ, ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಮೊಟ್ಟೆ ಬೇಡವಾದವರು ಮೂರು ಚಮಚ ಕಡಲೆಹಿಟ್ಟನ್ನು ಗಂಟಿಲ್ಲದಂತೆ ಕದಡಿಕೊಳ್ಳಲಿ. ಎರಡೂ ಮಗ್ಗುಲು ಅದ್ದಿ, ತುಪ್ಪ ಸವರಿದ ಕಾವಲಿಯ ಮೇಲೆ ಹದವಾದ ಉರಿಯಲ್ಲಿ ಬೇಯಿಸಬೇಕು. ಉರಿ ಹೆಚ್ಚಿದರೆ ಹೊರಗಿನ ಸಕ್ಕರೆ ಕರಕಲಾಗಿ, ಒಳಗೆ ಹಸಿ ಉಳಿಯುತ್ತದೆ. ಹತ್ತು ನಿಮಿಷ ಸಾಕೆಂದು ಬೂಬಮ್ಮ ಹೇಳಿದ್ದು ಸುಳ್ಳಲ್ಲ.

1997ರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗವನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಆ ವರ್ಷ ಅಮ್ಮ ಬೆಂಗಳೂರಿನಲ್ಲಿ ನನ್ನ ಮನೆಯಲ್ಲಿದ್ದಳು. ಯಾರು ಕೇಳಿದರೂ "ನಮ್ಮದು ಶಿವಮೊಗ್ಗ ಜಿಲ್ಲೆ" ಎಂದೇ ಹೇಳುವಳು. ಹಳೆಯದನ್ನು ಸುಲಭವಾಗಿ ಬಿಡುವ ಜೀವವಲ್ಲ. ಅವಳಿಗೆ ಜ್ವರ ಬಂದು ಬಿಟ್ಟಿತ್ತು. ಬೂಬಮ್ಮ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಅಮ್ಮನಿಗೆ ಊಟ ಸೇರದು. ಮನೆಯಲ್ಲಿ ಬ್ರೆಡ್ಡು ಉಳಿದಿತ್ತು. ಅವಳ ಕ್ರಮದಲ್ಲಿಯೇ, ಕಡಲೆಹಿಟ್ಟು ಬೆಲ್ಲ ಹಾಕಿ, ಮಾಡಿಕೊಟ್ಟೆ. ಅರ್ಧ ಹೋಳು ತಿಂದು ತಟ್ಟೆ ಸರಿಸಿದಳು.

"ಚೆನ್ನಾಗಿದೆ ಕಣಪ್ಪಾ. ಆದ್ರೆ ಬೂಬಮ್ಮಂದು ಇಷ್ಟು ಗಟ್ಟಿ ಇರ್ಲಿಲ್ಲ."

"ನಿನಗೆ ಹೇಗಮ್ಮಾ ಗೊತ್ತು?"

ಅಮ್ಮ ನನ್ನ ಮುಖವನ್ನೇ ನೋಡಿದಳು. "ಹನ್ನೆರಡು ದಿನ ಜ್ವರದಲ್ಲಿ ಮಲಗಿದ್ದ ಮಗೂಗೆ ಕೊಡೋದನ್ನ, ತಾಯಿ ತಾನು ಮೊದ್ಲು ತಿಂದು ನೋಡ್ದೆ ಕೊಡ್ತಾಳೇನೋ?"

ಮರುದಿನ ಮತ್ತೆ ಮಾಡಿದೆ. ಅದರಲ್ಲಿ ಏನೇನಿದೆಯೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಸಲ ತಟ್ಟೆ ಬರಿದಾಗಿಯೇ ಹಿಂದಿರುಗಿತು.