ದೀಪಾವಳಿಯವರೆಗೆ ಒಂದು ಕಿಟಕಿ

ರಾತ್ರಿಯಿಡೀ ಗಾಳಿ ಹೊಡೆದ ಮರುದಿನ ಬೆಳಿಗ್ಗೆ ನಮ್ಮ ಕಡೆ ಯಾರಿಗಾದರೂ ಫೋನು ಹತ್ತಿತೆಂದರೆ ಮಾತು ಒಂದು ಕ್ರಮದಲ್ಲೇ ಸಾಗುತ್ತದೆ. ಕರೆಂಟು ಉಂಟಾ, ಎಷ್ಟು ಇಂಚು ಹೊಯ್ತು, ಎಷ್ಟು ಮರ ಬಿತ್ತು, ಮನೆಗೇನೂ ಆಗ್ಲಿಲ್ಲ ತಾನೆ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ತೋಟದವರು ಮಳೆಯನ್ನು ಇಂದಿಗೂ ಇಂಚಿನಲ್ಲೇ ಅಳೆಯುತ್ತಾರೆ. ವರ್ಷಕ್ಕೆ ನೂರು ಇಂಚು ದಾಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮಳೆಗೆ ಇಷ್ಟೆಲ್ಲ ಲೆಕ್ಕವಿಡುವ ನಾವು ಮನೆಯ ಮಾತು ಬಂದಾಗ ಹೆಂಚಿನದಷ್ಟೇ ಹೇಳಿ ಮುಗಿಸುತ್ತೇವೆ. ಹೆಂಚು ಹಾರಿದರೆ ಅಕ್ಕಪಕ್ಕದವರು ಏಣಿ ಹೊತ್ತು ಬರುತ್ತಾರೆ. ಕಿಟಕಿಯ ಗಾಜು ಒಡೆದರೆ ಹಳೇ ಪಂಚೆಯನ್ನೋ ಗೊಬ್ಬರದ ಚೀಲವನ್ನೋ ತುರುಕಿ, 'ಮಳೆ ಬಿಡಲಿ, ನೋಡಿದರಾಯ್ತು' ಅನ್ನುತ್ತೇವೆ. ನನಗೆ ಬೇಸರ ತರಿಸುವುದು ಈ ತುರುಕುವ ಕೆಲಸ. ಮಳೆ ಬಿಡಲಿ ಎನ್ನುವುದು ಸರಿಯಾದ ಮಾತೇ. ಆದರೆ ಅದು ಬಿಡುವುದು ಯಾವಾಗ?

ಮೃಗಶಿರಾ ಹುಟ್ಟುವುದು ಜೂನ್ ಮೊದಲ ವಾರ ಕಳೆಯುವಾಗ. ಆರಿದ್ರಾ ಜೂನ್ 21-22ಕ್ಕೆ. ಅದರ ಬೆನ್ನಿಗೇ ಪುನರ್ವಸು, ಪುಷ್ಯ, ಆಶ್ಲೇಷಾ, ಮಘೆ. ಮಘೆ ಮುಗಿಯುವ ಹೊತ್ತಿಗೆ ಆಗಸ್ಟ್ ಕೊನೆ. ಆಮೇಲೂ ಹಗಲು ಬಿಸಿಲು, ಸಂಜೆ ಮಳೆ ಅಂತ ನವರಾತ್ರಿಯವರೆಗೆ ನಡೆಯುತ್ತದೆ. ಅಂದರೆ ಆರಿದ್ರೆಯಲ್ಲಿ ಒಡೆದ ಕಿಟಕಿಗೆ ಸರಿಯಾದ ರಿಪೇರಿ ಸಿಗುವುದು ದೀಪಾವಳಿಯ ಸುತ್ತಮುತ್ತ. ನಾಲ್ಕು ತಿಂಗಳ ಗಾಳಿ, ಇರಚಲು, ಮಂಜು ಎಲ್ಲವನ್ನೂ ಆ ತುರುಕಿದ ಚೀಲವೇ ತಡೆಯಬೇಕು. ತಾತ್ಕಾಲಿಕ ರಿಪೇರಿಯನ್ನು ನಾನು ಸಣ್ಣ ಕೆಲಸ ಎಂದು ಒಪ್ಪದಿರುವುದು ಅದಕ್ಕೇ.

ಬಡಗಿಯನ್ನು ಕರೆಸಿದರಾಗದೇ ಎಂದು ಪೇಟೆಯಿಂದ ಬಂದವರು ಕೇಳುತ್ತಾರೆ. ಒಳ್ಳೆಯ ಬಡಗಿ ಮಳೆಗಾಲದಲ್ಲಿ ಕಿಟಕಿಗೆ ಹತ್ತರಿ ಮುಟ್ಟಿಸುವುದಿಲ್ಲ. ನಮ್ಮಲ್ಲಿಗೆ ಬರುವ ಆಚಾರ್ರು ಹೇಳಿದ್ದು ಹೀಗೆ: "ಈಗ ಕೆತ್ತಿದ್ರೆ ಮಾಘದ ಹೊತ್ತಿಗೆ ಇದ್ರಲ್ಲಿ ಬೆಕ್ಕು ಓಡಾಡ್ತದೆ ಮಾರಾಯ್ರೆ. ಮೇಣದಬತ್ತಿ ತಿಕ್ಕಿ ಇಟ್ಕೊಳ್ಳಿ, ದೀಪಾವಳಿ ಕಳೀಲಿ." ಮರ ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಉಬ್ಬುತ್ತದೆ. ಹಲಸು, ಹೊನ್ನೆ, ನಂದಿ ಯಾವ ಮರವಾದರೂ ಅಷ್ಟೇ. ಉಬ್ಬಿದಾಗ ಕೆತ್ತಿದರೆ ಒಣಗಿದಾಗ ಸಂದು ಬಿಡುತ್ತದೆ. ಗಾಜಿನ ಪುಟ್ಟಿಯದೂ ಅದೇ ಕತೆ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಕಲಸಿ ಮಾಡುವ ಪುಟ್ಟಿ ಒದ್ದೆ ಮರಕ್ಕೆ ಕಚ್ಚುವುದಿಲ್ಲ, ಒಂದೇ ಪಟ್ಟಿಯಾಗಿ ಕಳಚಿ ಬರುತ್ತದೆ. ಇನ್ನು ಗಾಜು ತರುವುದಂತೂ ದೂರದ ಮಾತು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸದಿಂದ ಹೊರನಾಡಿಗೇ ನೆಟ್ಟಗೆ ಹೋಗಲಾಗುವುದಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿ ಮನೆ-ತೋಟ ಹೋದವು, ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು. ಅಂಥ ದಿನಗಳಲ್ಲಿ ಗಾಜಿನ ಅಳತೆ ಹಿಡಿದು ಹೊರಡುವವರು ಯಾರು?

ಹಳಬರ ಮನೆಗಳಲ್ಲಿ ಈ ಪಾಡು ಇರಲಿಲ್ಲ. ಗೋಡೆ ದಪ್ಪ, ಕಿಟಕಿ ಸಣ್ಣದು, ಅದಕ್ಕೆ ಮರದ ಸರಳು, ಒಳಗಡೆ ಹಲಗೆಯ ಬಾಗಿಲು. ಗಾಜು ಎಂಬುದೇ ಇಲ್ಲ. ಗಾಳಿ ಬರುವ ದಿಕ್ಕಿಗೆ ಮಳೆಗಾಲಕ್ಕೆ ಮುಂಚೆಯೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಜಗುಲಿಯ ಅಂಚಿನಿಂದ ನೆಲದವರೆಗೆ ಇಳಿಬಿಟ್ಟ ತಟ್ಟಿ ಇರಚಲನ್ನೆಲ್ಲ ತಾನೇ ಕುಡಿದು ಹೊರಗೇ ಇಳಿಸುತ್ತಿತ್ತು. ಮಳೆ ಹೋದ ಮೇಲೆ ಬಿಚ್ಚಿ ಗೊಬ್ಬರದ ಗುಂಡಿಗೆ. ಅಗಲ ಗಾಜಿನ ಕಿಟಕಿ ಇಲ್ಲಿಗೆ ಬಂದದ್ದು 19ನೇ ಶತಮಾನದ ಬಿಳಿಯ ಪ್ಲಾಂಟರುಗಳ ಬಂಗಲೆಗಳ ಜೊತೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಸೋಗೆ, ಹುಲ್ಲಿನ ಮಾಡು ಹೋಗಿ ಹೆಂಚು ಬಂತು. ಹೆಂಚನ್ನೂ ಗಾಜನ್ನೂ ನಾವು ಸಂತೋಷದಿಂದ ಒಪ್ಪಿಕೊಂಡೆವು, ತಟ್ಟಿ ಕಟ್ಟುವುದನ್ನು ಬಿಟ್ಟೆವು. ಗಾಜಿಗಿಂತ ತಟ್ಟಿ ಮೇಲು ಎಂದಲ್ಲ. ಆಷಾಢದ ಕತ್ತಲೆಯಲ್ಲಿ ಮನೆಯೊಳಗೆ ಬೆಳಕು ಬರುವುದು ಗಾಜಿನಿಂದಲೇ. ಆದರೆ ಮಳೆಗಾಲಕ್ಕೆಂದೇ ಒಂದು ಹೊದಿಕೆ ಮಾಡಿ, ಮಳೆ ಮುಗಿದ ಮೇಲೆ ಬಿಚ್ಚಿಡುವ ಬುದ್ಧಿ ಆ ತಟ್ಟಿಯಲ್ಲಿತ್ತು. ಅದನ್ನು ಕಿಟಕಿಗೆ ತಂದುಕೊಳ್ಳಬೇಕು.

ಗಾಜು ಒಡೆಯುವುದು ಹೆಚ್ಚಾಗಿ ಸಿಲ್ವರ್ ಓಕಿನಿಂದ. ಆಸ್ಟ್ರೇಲಿಯದ ಈ ಮರವನ್ನು ಕಾಫಿಗೆ ನೆರಳಾಗಲಿ, ಮೆಣಸಿನ ಬಳ್ಳಿಗೆ ಆಸರೆಯಾಗಲಿ ಎಂದು ಎಲ್ಲೆಡೆ ನೆಟ್ಟಿದ್ದೇವೆ. ಗಾಳಿಗೆ ಅದರ ಕೊಂಬೆ ಬಲು ಬೇಗ ಮುರಿಯುತ್ತದೆ. ಒಡೆದ ಗಾಜನ್ನು ಆಯುವಾಗ ಎರಡು ಪದರ ಗೋಣಿ ಕೈಗೆ ಸುತ್ತಿಕೊಳ್ಳಿ. ಚೌಕಟ್ಟಿನಲ್ಲಿ ನಿಂತ ಚೂರುಗಳನ್ನು ಮೇಲಿನಿಂದ ಕೆಳಕ್ಕೆ ತೆಗೆಯಬೇಕು. ಕೆಳಗಿನದನ್ನು ಮೊದಲು ಎಳೆದರೆ ಮೇಲಿನದು ಮಣಿಕಟ್ಟಿನ ಮೇಲೆ ಬೀಳುತ್ತದೆ. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿಯಿರಿ. ತೋಟದ ಗುಂಡಿಗೋ ಗೊಬ್ಬರದ ರಾಶಿಗೋ ಖಂಡಿತ ಎಸೆಯಬೇಡಿ. ಆ ಗೊಬ್ಬರ ನಾಳೆ ಕಾಫಿ ಬುಡಕ್ಕೆ ಹೋಗುತ್ತದೆ, ಬುಡ ಬಿಡಿಸುವವರ ಬರಿಗೈ ಅದರೊಳಗೇ ಆಡುತ್ತದೆ.

ಬರೀ ಬಿರುಕು ಬಿಟ್ಟಿದ್ದರೆ ಗಾಜನ್ನು ಕೀಳುವುದೇ ಬೇಡ. ಒಳಗಡೆ ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಅದು ಆರಿದ ಮೇಲೆ ಅಗಲದ ಪಾರದರ್ಶಕ ಟೇಪನ್ನು ಬಿರುಕಿನ ಉದ್ದಕ್ಕೆ ಎಳೆದು ಹೆಬ್ಬೆರಳಿನಿಂದ ಒತ್ತಬೇಕು. ಸೀಮೆಎಣ್ಣೆಯಲ್ಲಿ ಒರೆಸುವವರಿದ್ದಾರೆ, ಅದರ ಜಿಡ್ಡಿಗೆ ಟೇಪು ನಿಲ್ಲುವುದಿಲ್ಲ. ಗಾಳಿ ಬರುವ ಮುಂಚೆ ಗಾಜಿನ ಮೇಲೆ ಗುಣಿಸು ಚಿಹ್ನೆಯಂತೆ ಟೇಪು ಅಂಟಿಸಿದರೆ ಒಡೆಯುವುದಿಲ್ಲ ಎನ್ನುವ ನಂಬಿಕೆಯೂ ಉಂಟು. ಅದನ್ನು ಮಾಡಬೇಡಿ ಎಂದು ಅಮೆರಿಕದ ಹವಾಮಾನ ಇಲಾಖೆಯವರೇ ಚಂಡಮಾರುತದ ಕಾಲದಲ್ಲಿ ಜನರಿಗೆ ಹೇಳುತ್ತಾರೆ. ಟೇಪು ಗಾಜನ್ನು ಗಟ್ಟಿ ಮಾಡುವುದಿಲ್ಲ, ಒಡೆದಾಗ ಚೂರುಗಳು ದೊಡ್ಡವಾಗಿ ಬೀಳುತ್ತವೆ, ಅಷ್ಟೇ.

ಇಡೀ ಗಾಜು ಹೋಗಿದ್ದರೆ ಕೆಲಸ ದೊಡ್ಡದು, ಆದರೂ ಮನೆಯವರಿಗೇ ಸಾಧ್ಯ. ಬೇಕಾದದ್ದೆಲ್ಲ ತೋಟದ ಮನೆಯಲ್ಲಿ ಇರುವಂಥದ್ದೇ: ದಪ್ಪನೆಯ ಬಿಳಿ ಪ್ಲಾಸ್ಟಿಕ್ ಹಾಳೆ, ನಾಲ್ಕು ಅಡಿಕೆ ದಬ್ಬೆ, ಒಂದು ಹಿಡಿ ಸ್ಕ್ರೂ. ಕಣದಲ್ಲಿ ಕಾಫಿ ಮುಚ್ಚುವ ನೀಲಿ ಟಾರ್ಪಾಲು ಮಳೆಯನ್ನೇನೋ ತಡೆಯುತ್ತದೆ, ಆದರೆ ಕೋಣೆಯನ್ನು ಹಗಲಲ್ಲೇ ರಾತ್ರಿ ಮಾಡುತ್ತದೆ. ಬೆಳಕು ತೂರುವ ಹಾಳೆಯೇ ಬೇಕು. ಚೌಕಟ್ಟಿಗಿಂತ ಸುತ್ತಲೂ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸಿ. ಇಲ್ಲಿ ಅವಸರ ಕೂಡದು. ಹಾಳೆಯ ಅಂಚಿಗೆ ನೇರ ಮೊಳೆ ಹೊಡೆದರೆ ಮೊದಲ ಗಾಳಿಗೇ ಮೊಳೆಯ ಬುಡದಲ್ಲಿ ಹರಿಯುತ್ತದೆ. ಅಂಚನ್ನು ದಬ್ಬೆಗೆ ಎರಡು ಸುತ್ತು ಸುತ್ತಿ, ದಬ್ಬೆಯನ್ನೇ ಚೌಕಟ್ಟಿಗೆ ಕೂರಿಸಬೇಕು. ಗಾಳಿಯ ಎಳೆತವನ್ನು ಆಗ ಇಡೀ ದಬ್ಬೆ ಹಂಚಿಕೊಳ್ಳುತ್ತದೆ. ಅಡಿಕೆ ದಬ್ಬೆಗೆ ಮೊಳೆ ಹೊಡೆದರೆ ಉದ್ದಕ್ಕೂ ಸೀಳುವುದರಿಂದ ಮೊದಲು ಬೈರಿಗೆಯಲ್ಲಿ ತೂತು ಮಾಡಿಕೊಳ್ಳಿ. ಕರೆಂಟಿಲ್ಲದ ದಿನ ಡ್ರಿಲ್ ಯಂತ್ರ ಅಲಮಾರಿಯಲ್ಲೇ ಕೂತಿರುತ್ತದೆ, ಬೈರಿಗೆಗೆ ಆ ತೊಂದರೆಯಿಲ್ಲ.

ಹಾಳೆಯನ್ನು ಕಿಟಕಿಯ ಹೊರಗಡೆ ಹಾಕಬೇಕು, ಮೇಲಿನ ದಬ್ಬೆಯನ್ನು ಮೊದಲು ಬಿಗಿಯಬೇಕು. ಎರಡು ತುಂಡು ಜೋಡಿಸುವುದಾದರೆ ಮೇಲಿನ ತುಂಡು ಕೆಳಗಿನದರ ಮೇಲೆ ಬರಬೇಕು. ಹೆಂಚು ಹೊದಿಸುವ ನಿಯಮವೇ ಇದು. ನೀರು ಇಳಿಯುವ ದಾರಿಯಲ್ಲಿ ಎಲ್ಲಿಯೂ ತೆರೆದ ಬಾಯಿ ಎದುರಾಗಬಾರದು. ಆಮೇಲೆ ಎರಡು ಪಕ್ಕ, ಕೊನೆಗೆ ಕೆಳಗಡೆ. ಕೆಳಗಿನ ಎರಡು ಮೂಲೆಯಲ್ಲಿ ಬೆರಳು ತೂರುವಷ್ಟು ಬಿಡಿ. ನಮ್ಮ ಮಳೆಗೆ ಹೇಗೂ ಒಂದಿಷ್ಟು ನೀರು ಒಳಸೇರುತ್ತದೆ, ಸೇರಿದ್ದಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಚೌಕಟ್ಟಿನ ಅಡಿಮರ ಕೊಳೆಯುತ್ತದೆ. ಕೊಳೆತ ಮರಕ್ಕೆ ಒರಲೆ ಬರುವುದು ತಡವಿಲ್ಲ. ಬಣ್ಣದ ಪದರ ಹೊರಗೆ ಹಾಗೇ ಇರುತ್ತದೆ, ಒತ್ತಿದರೆ ಬೆರಳು ಒಳಗಿಳಿಯುತ್ತದೆ.

ಚಳಿ ಜಾಸ್ತಿ ಇರುವ ಎತ್ತರದ ತೋಟಗಳಲ್ಲಿ ಒಳಗಡೆಯೂ ಒಂದು ಹಾಳೆ ಹಾಕಿ. ನಡುವೆ ಸಿಕ್ಕಿಕೊಂಡ ಗಾಳಿ ಚಳಿಯನ್ನು ತಡೆಯುತ್ತದೆ. 2022ರಿಂದ ಯುದ್ಧದಲ್ಲಿ ನಲುಗುತ್ತಿರುವ ಉಕ್ರೇನಿನಲ್ಲಿ ಬಾಂಬಿಗೆ ಗಾಜು ಉದುರಿದ ಮನೆಗಳಿಗೆ ಸ್ವಯಂಸೇವಕರು ಹೊಂದಿಸುತ್ತಿರುವುದು ಇಂಥದ್ದನ್ನೇ. ಪಿವಿಸಿ ಪೈಪಿನ ಚೌಕಟ್ಟು, ಅದಕ್ಕೆ ಹಲವು ಪದರ ಪಾಲಿಥೀನ್, ಅಂಚಿಗೆ ಫೋಮು, ಟೇಪು. ಹಿಮ ಬೀಳುವ ಊರಿನಲ್ಲಿ ಮಕ್ಕಳು ಅದರ ಹಿಂದೆ ಬೆಚ್ಚಗಿದ್ದಾರೆ. ಪ್ಲಾಸ್ಟಿಕ್ ಕಿಟಕಿ ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳಬೇಕೆನಿಸುತ್ತದೆ.

ನನ್ನ ಒಂದು ಹಟ ಉಂಟು. ತಾತ್ಕಾಲಿಕ ಅಂತ ಹಾಕಿದ್ದು ತೆಗೆಯಲು ಬರಬೇಕು. ಎಮ್-ಸೀಲ್ ಮೆತ್ತುವುದು, ಉಬ್ಬುವ ಫೋಮನ್ನು ಚೌಕಟ್ಟಿಗೆ ಹೊಡೆಯುವುದು, ಎರಡಿಂಚಿನ ಮೊಳೆಯನ್ನು ಹಳೇ ಹೊನ್ನೆ ಮರಕ್ಕೆ ತಲೆ ಮುಳುಗುವಂತೆ ಜಡಿಯುವುದು, ಇವೆಲ್ಲ ಮಳೆಗಾಲಕ್ಕೆ ಹಾಕಿದ ತೇಪೆಯಲ್ಲ, ಕಿಟಕಿಗೆ ಮಾಡಿದ ಗಾಯ. ದೀಪಾವಳಿಗೆ ಬರುವ ಆಚಾರ್ರು ಮೊದಲ ಅರ್ಧ ದಿನ ಅದನ್ನು ಕೆರೆಯುವುದರಲ್ಲೇ ಕಳೆಯುತ್ತಾರೆ. ಸಣ್ಣ ಸಂದಿಗೆ ಜೇನುಮೇಣ ಸಾಕು. ಬೆಚ್ಚಗೆ ಮಾಡಿ ಬೆರಳಿನಲ್ಲಿ ಒತ್ತಿದರೆ ಮಳೆಗಾಲ ಪೂರ್ತಿ ಕೂರುತ್ತದೆ, ಬೇಸಿಗೆಯಲ್ಲಿ ಚಾಕುವಿನ ತುದಿಗೆ ಎದ್ದು ಬರುತ್ತದೆ. ಹಿಂದಿನವರು ಹಲಸಿನ ಮೇಣವನ್ನು ಕೋಲಿಗೆ ಸುತ್ತಿಟ್ಟುಕೊಂಡು, ತೂತು ಬಿದ್ದ ಪಾತ್ರೆಗೆ ಕಾಯಿಸಿ ಹಚ್ಚುತ್ತಿದ್ದರು. ಅದೇ ಜಾತಿಯ ಕೆಲಸ.

ಹೊಸ ಮನೆಗಳ ಅಲ್ಯೂಮಿನಿಯಂ, ಯುಪಿವಿಸಿ ಜಾರುಕಿಟಕಿಗಳ ಬಗ್ಗೆ ಒಂದೇ ಮಾತು. ಮಳೆಯಲ್ಲಿ ಒಳಗೆ ನೀರು ಉಕ್ಕಿತೆಂದು ಸಿಲಿಕೋನ್ ಟ್ಯೂಬು ತರುವ ಮುಂಚೆ ಕೆಳಗಿನ ಹಳಿಯನ್ನು ನೋಡಿ. ನೀರು ಹೊರಗೆ ಹೋಗಲೆಂದೇ ಅಲ್ಲಿ ಸಣ್ಣ ತೂತುಗಳಿರುತ್ತವೆ. ಮೊದಲ ಮಳೆಗೆ ದೀಪಕ್ಕೆ ಬಂದು ಸತ್ತ ಮಳೆಹುಳುಗಳ ರೆಕ್ಕೆ, ಪಾಚಿ, ಕೆಮ್ಮಣ್ಣು ಸೇರಿ ಅವು ಮುಚ್ಚಿಹೋಗಿರುತ್ತವೆ. ಪೊರಕೆ ಕಡ್ಡಿ ತೂರಿಸಿ ಒಂದು ಚೊಂಬು ನೀರು ಸುರಿಯಿರಿ. ಗೊತ್ತಿಲ್ಲದವರು ಆ ತೂತಿಗೇ ಸಿಲಿಕೋನ್ ತುಂಬಿ ಕಿಟಕಿಯನ್ನು ತೊಟ್ಟಿ ಮಾಡಿಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೆ ತೋಟದ ಕೆಲಸದವರಿರುವ ಲೈನ್ ಮನೆಗಳ ಮಾತಾಡದೆ ಇರಲಾರೆ. ತೋಟದ ಬಂಗಲೆಯ ಕಿಟಕಿಗೆ ದೀಪಾವಳಿ ಬರುತ್ತದೆ. ಲೈನಿನ ಕಿಟಕಿಗೆ ಎಷ್ಟೋ ಕಡೆ ವರ್ಷಗಳು ಕಳೆದರೂ ಗೊಬ್ಬರದ ಚೀಲವೇ ಗತಿ. 1951ರ ತೋಟ ಕಾರ್ಮಿಕರ ಕಾಯಿದೆ, ಆಮೇಲಿನ ತಿದ್ದುಪಡಿಯೊಂದಿಗೆ, ಐದು ಹೆಕ್ಟೇರು ಮತ್ತು ಹದಿನೈದು ಆಳುಗಳಿರುವ ತೋಟದ ಮಾಲೀಕನ ಮೇಲೆ ಮನೆ ಕೊಡುವ ಹೊಣೆಯನ್ನಷ್ಟೇ ಅಲ್ಲ, ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನೂ ಹೊರಿಸಿತು. ಮಳೆ-ಚಳಿಗೆ ಕೊಡೆ, ಕಂಬಳಿ, ರೈನ್ ಕೋಟಿನ ಮಾತೂ ಅದರಲ್ಲಿತ್ತು. ಮೈಗೆ ಕಂಬಳಿ ಬೇಕು ಎಂದು ಕಾನೂನಿಗೆ ಹೊಳೆದ ಮೇಲೆ, ಆ ಕಂಬಳಿ ಒಣಗುವ ಕೋಣೆಯ ಕಿಟಕಿ ನಮಗೆ ಹೊಳೆಯಬೇಡವೇ? ದಿನವಿಡೀ ಮಳೆಯಲ್ಲಿ ಚಿಗುರು ತೆಗೆದು ಬಂದವರು ಒದ್ದೆ ಗೋಡೆಯ ಪಕ್ಕ ಮಲಗಬೇಕಾಗುತ್ತದೆ, ಎಳೆ ಮಕ್ಕಳ ಕೆಮ್ಮು ಮಘೆಯವರೆಗೂ ಬಿಡುವುದಿಲ್ಲ. ಮೇ ತಿಂಗಳಲ್ಲಿ ಗೊಬ್ಬರ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರಿಸುವಾಗ ಪ್ರತಿ ಲೈನಿಗೆ ಒಂದು ಸುರುಳಿ ಪ್ಲಾಸ್ಟಿಕ್ಕು, ಒಂದು ಕಟ್ಟು ರೀಪು, ಒಂದು ಡಬ್ಬ ಸ್ಕ್ರೂ ತರಿಸಿ ಕೊಟ್ಟರೆ ತೋಟಕ್ಕೆ ಅದೊಂದು ಖರ್ಚೇ ಅಲ್ಲ. ಕೈಯಲ್ಲಿ ಸಾಮಾನಿದ್ದರೆ ಕೆಲಸ ಮಾಡಿಕೊಳ್ಳಲು ಅವರಿಗೆ ನಮ್ಮ ಪಾಠ ಬೇಕಿಲ್ಲ. ಮಳೆ ಮುಗಿದ ಮೇಲೆ ಬಡಗಿ ಬಂದಾಗ ಮೊದಲು ಅಲ್ಲಿಗೇ ಕಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆ ಬಡಗಿ ಸಿಗುವುದೂ ಸ್ವಲ್ಪವೇ ದಿನ. ನವೆಂಬರಿಗೆ ಅರೇಬಿಕಾ ಹಣ್ಣಾಗುತ್ತದೆ. ಕುಯ್ಲು, ಪಲ್ಪಿಂಗು, ಕಣ ಎಂದು ಶುರುವಾಯಿತೆಂದರೆ ಮನೆಯಲ್ಲಿ ಯಾರಿಗೂ ಕಿಟಕಿಯ ನೆನಪಿರುವುದಿಲ್ಲ. ಅದು ಮುಗಿಯುವಾಗ ರೊಬಸ್ಟಾ, ಅದು ಮುಗಿಯುವಾಗ ಹೂಮಳೆಗೆ ಆಕಾಶ ನೋಡುವುದು, ಕಣ್ಣು ಮುಚ್ಚಿ ಬಿಡುವುದರೊಳಗೆ ಮತ್ತೆ ಮೃಗಶಿರಾ. ಆದ್ದರಿಂದ ನವರಾತ್ರಿಯಲ್ಲೇ ಆಚಾರ್ರಿಗೆ ಹೇಳಿಟ್ಟು, ಹಬ್ಬದ ವಾರ ದಬ್ಬೆ ಬಿಚ್ಚಿ ಮರವನ್ನು ಗಾಳಿಗೆ ಬಿಡಿ. ಗಾಜು ಕೂರುವ ಕಚ್ಚನ್ನು ಕೆರೆದು ಒಂದು ಕೈ ಪ್ರೈಮರು ಹಚ್ಚಿ. ಇಲ್ಲದಿದ್ದರೆ ಬರಿಯ ಮರ ಪುಟ್ಟಿಯ ಎಣ್ಣೆಯನ್ನು ಹೀರಿಬಿಡುತ್ತದೆ. ಗಾಜನ್ನು ಅಳತೆಗಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ಕತ್ತರಿಸಲು ಹೇಳಿ, ಮುಂದಿನ ಆರಿದ್ರೆಗೆ ಮರ ಉಬ್ಬುವಾಗ ಅದಕ್ಕೆ ಜಾಗ ಬೇಕು. ಮೇಲೆ ಬಣ್ಣ ಹೊಡೆಯುವಾಗ ಪುಟ್ಟಿಯ ಅಂಚಿಗೇ ನಿಲ್ಲಿಸದೆ ಗಾಜಿನ ಮೇಲೆ ನೂಲಿನಷ್ಟು ಹತ್ತಿಸಿ. ಆ ಗೆರೆ ಒರಟಾಗಿ ಕಂಡರೂ ಇರಲಿ. ಇರಚಲು ನೀರು ಪುಟ್ಟಿಯ ಹಿಂದಕ್ಕೆ ಇಳಿಯದಂತೆ ತಡೆಯುವುದು ಅದೇ.