ಕೀಲಿ ತಿರುಗಿಸುವ ಮುನ್ನ

ಬಿಸಿಲೆಯ ಹೆಸರಿನಲ್ಲಿ ಬಿಸಿಲಿದೆ; ಆದರೆ ಮಳೆಗಾಲದಲ್ಲಿ ಅಲ್ಲಿ ಬಿಸಿಲನ್ನು ಹುಡುಕಬೇಕು. ಎದುರಿನ ಕುಮಾರ ಪರ್ವತ ದಿನಗಟ್ಟಲೆ ಮೋಡದೊಳಗೆ ಅಡಗಿರುತ್ತದೆ. ಅಂಥದೊಂದು ಮಳೆಗಾಲದಲ್ಲಿ ನಾನು ಆ ಕಡೆಯ ಕಾಫಿ ತೋಟವೊಂದರಲ್ಲಿ ಒಂದು ವಾರ ತಂಗಿದ್ದೆ. ನನ್ನ ಹಳೆಯ ಪೆಟ್ರೋಲ್ ಕಾರು ಆರು ದಿನ ಹೆಂಚಿನ ಮಾಡಿನಡಿ ಅಲುಗದೆ ನಿಂತಿತ್ತು.

ಏಳನೆಯ ದಿನ ನಸುಕಿನಲ್ಲಿ ಲೈನ್‌ಮನೆಯ ಹುಡುಗನೊಬ್ಬ ಓಡಿಬಂದ. "ಫಾದರ್, ಅಪ್ಪನಿಗೆ ಎದೆನೋವು. ಆಸ್ಪತ್ರೆಗೆ ಹೋಗಬೇಕು." ಅವನ ತಂದೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಎಂಜಿನ್ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ. ಹುಡುಗ ತಂದೆಯ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಕೊನೆಗೆ ಪಕ್ಕದ ತೋಟದ ಜೀಪು ಬಂದು ಅವರನ್ನು ಹೆತ್ತೂರಿನ ಮಾರ್ಗವಾಗಿ ಸಕಲೇಶಪುರಕ್ಕೆ ಕರೆದೊಯ್ದಿತು. ದೇವರ ದಯೆಯಿಂದ ಅವರು ಉಳಿದರು. ಆದರೆ ಹುಡುಗನ ಆ ನೋಟ ನನ್ನನ್ನು ಬಿಡಲಿಲ್ಲ.

ಏಕೆಂದರೆ ಈ ತೊಂದರೆ ಹೊಸದಾಗಿರಲಿಲ್ಲ. ಎರಡು ತಿಂಗಳ ಹಿಂದೆಯೂ ಹೀಗೇ ಆದಾಗ ನಾನು ಯಾರನ್ನೂ ಕೇಳದೆ, ನನ್ನದೇ ತೀರ್ಮಾನದಂತೆ ಹೊಸ ಬ್ಯಾಟರಿ ಹಾಕಿಸಿ ನೆಮ್ಮದಿಯಾಗಿದ್ದೆ.

ಹಿಂತಿರುಗಿದ ಮೇಲೆ ಕಾರನ್ನು ಪರಿಚಯದ ಮೆಕ್ಯಾನಿಕ್ ಬಳಿ ಒಯ್ದೆ. ಅವರು ಪಾನಾ ಹಿಡಿಯುವ ಮೊದಲು ಪ್ರಶ್ನೆ ಕೇಳಿದರು. "ಫಾದರ್, ಎಂಜಿನ್ ಜೋರಾಗಿ ತಿರುಗುತ್ತಿತ್ತೋ, ಬರೀ ಕಟಕಟ ಅನ್ನುತ್ತಿತ್ತೋ?"

"ಚೆನ್ನಾಗಿಯೇ ತಿರುಗುತ್ತಿತ್ತು."

"ಹಾಗಿದ್ದರೆ ಬ್ಯಾಟರಿ ಯಾಕೆ ಬದಲಾಯಿಸಿದಿರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಮೀಟರು 12.6 ವೋಲ್ಟ್ ತೋರಿಸಿತು, ಬ್ಯಾಟರಿಯಲ್ಲಿ ದೋಷವಿರಲಿಲ್ಲ. ಅವರು ಕಾರನ್ನು ರಾತ್ರಿಯಿಡೀ ಅಲ್ಲೇ ನಿಲ್ಲಿಸಿಕೊಂಡರು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀಲಿಯನ್ನು 'ಆನ್'ಗೆ ತಿರುಗಿಸಿ, ಪೆಟ್ರೋಲ್ ಪಂಪಿನ ಗುಂಯ್‌ ಸದ್ದನ್ನು ಎರಡು ಕ್ಷಣ ಆಲಿಸಿ, 'ಆಫ್' ಮಾಡಿದರು. ಹೀಗೆ ಮೂರು ಸಲ. ನಾಲ್ಕನೆಯ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಡನೆ ಹೊತ್ತಿಕೊಂಡಿತು.

ಪೈಪಿನಲ್ಲಿ ಪೆಟ್ರೋಲಿನ ಒತ್ತಡವನ್ನು ಹಿಡಿದಿಡಲು ಪಂಪಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದು ಸೋರಿದರೆ, ಕಾರು ನಿಂತಾಗ ಪೆಟ್ರೋಲ್ ಹಿಂದಕ್ಕೆ, ಟ್ಯಾಂಕಿಗೆ ಇಳಿಯುತ್ತದೆ. ಅವರು ಗೇಜು ಜೋಡಿಸಿದರು. ಎಂಜಿನ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಕುಸಿಯಿತು. ಟ್ಯಾಂಕಿನ ಕಡೆಯ ಪೈಪನ್ನು ಬಿಗಿದಾಗ ಕದಲದೆ ನಿಂತಿತು. ದೋಷ ಪಂಪಿನ ಕಡೆಗೇ ಇತ್ತು.

ಮೂರು ಸಲ ಕೀಲಿ ತಿರುಗಿಸುವ ಆ ಸಣ್ಣ ಉಪಾಯ ತಿಳಿದಿದ್ದರೆ ಅಂದು ನಸುಕಿನಲ್ಲೇ ನಾವು ಹೊರಟುಬಿಡುತ್ತಿದ್ದೆವು. ತಿಳಿಯುವ ಅವಕಾಶ ಎರಡು ತಿಂಗಳ ಹಿಂದೆಯೇ ಇತ್ತು, ನಾನು ಕೇಳಲಿಲ್ಲ.

ಕಾರಿನ ವಿಷಯದಲ್ಲಷ್ಟೇ ನಾನು ಹೀಗೆ ನಡೆದುಕೊಂಡಿಲ್ಲ. ಮುನಿಸಿಕೊಂಡ ದಂಪತಿಗಳು, ಮಾತು ಬಿಟ್ಟ ಮಕ್ಕಳು ನನ್ನೆದುರು ಕುಳಿತಾಗ, ಅವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಬುದ್ಧಿವಾದ ಸಿದ್ಧವಾಗಿರುತ್ತಿತ್ತು. ಅವೆಷ್ಟು ಹೊಸ ಬ್ಯಾಟರಿಗಳೋ! ಮನೆಗಳಲ್ಲಿಯೂ ನಾವು ಹೀಗೇ ಅಲ್ಲವೇ? ಪ್ರೀತಿಯ ಒತ್ತಡ ಸದ್ದಿಲ್ಲದೆ ಸೋರಿಹೋಗಿರುತ್ತದೆ. ನಾವು ಹೊಸ ಉಡುಗೊರೆ ತಂದುಕೊಡುತ್ತೇವೆ.

ಈಗ ಯಾರಾದರೂ ಕಷ್ಟ ಹೇಳಿಕೊಳ್ಳಲು ಬಂದರೆ, ಆ ಮೆಕ್ಯಾನಿಕ್ ನನ್ನನ್ನು ಕೇಳಿದಂತೆ, ಮೊದಲು ಒಂದು ಪ್ರಶ್ನೆ ಕೇಳಿ ಸುಮ್ಮನೆ ಆಲಿಸುತ್ತೇನೆ.